ಜಪಾನಿನ ಮರಿಗೆ ರೋಣದ ಶ್ರಾವಣ

ಅಥವಾ ಅದು ಮೊದಲ ಸಲ ಕೂಗಿದ್ದು ಅಂಗಡಿಯಲ್ಲಿ ಅಲ್ಲ, ಮನೆಯಲ್ಲೇ ಇರಬೇಕು. ನನ್ನ ನೆನಪಿನಲ್ಲಿ ನಾನು ಅಂಗಡಿಯ ಗಲ್ಲೆಯ ಮುಂದೆ ಕೂತಿದ್ದೇನೆ, ಗಿರಾಕಿಯೊಬ್ಬ ಹತ್ತಿಗೆ ಬಿದ್ದ ಹುಳದ ವರ್ಣನೆ ಮಾಡುತ್ತಿದ್ದಾನೆ, ಆಗ ನನ್ನ ಅಂಗಿಯ ಜೇಬು ‘ಪೀಂ ಪೀಂ’ ಎನ್ನುತ್ತದೆ. ಹೆಂಡತಿ ಸುಜಾತಾ ಇದನ್ನು ಒಪ್ಪುವುದಿಲ್ಲ.

“ಅಂಗಡಿ ಎಲ್ಲಿಂದ ಬಂತ್ರಿ? ನೀವು ಉಂಡು ಗೊರಕಿ ಹೊಡೀತಿದ್ರಿ. ಅದು ಒದರೂದು ಕೇಳಿ ಎದ್ದಾಕಿ ನಾನು.”

ಇಬ್ಬರ ನೆನಪೂ ಅಷ್ಟೇ ಸ್ಪಷ್ಟ. ಹಾಗಾಗಿ ಎರಡನ್ನೂ ನಂಬಬಾರದು. ನೆನಪು ಅಚ್ಚುಕಟ್ಟಾದಷ್ಟೂ ಅದಕ್ಕೆ ಯಾರೋ ಇಸ್ತ್ರಿ ಮಾಡಿದ್ದಾರೆಂದೇ ನನ್ನ ಅನುಮಾನ.

ಕೂಗಿದ್ದು ಒಂದು ಆಟಿಕೆ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಡಬ್ಬಿ, ಮೂರು ಗುಂಡಿ, ಒಂದು ಪುಟ್ಟ ಪರದೆ. ಪರದೆಯೊಳಗೆ ಕಪ್ಪು ಚುಕ್ಕಿಗಳಿಂದಾದ ಒಂದು ಮರಿ. ಟಿವಿಯಲ್ಲಿ ಬರುವ ಯಾವುದೋ ಜಪಾನಿ ಕಾರ್ಟೂನಿನದಂತೆ. ಹೊತ್ತುಹೊತ್ತಿಗೆ ಉಣಿಸಬೇಕು, ಹೊಲಸು ತೊಳೆಯಬೇಕು, ಕಸರತ್ತು ಮಾಡಿಸಬೇಕು, ಮಲಗಿದರೆ ದೀಪ ಆರಿಸಬೇಕು. ಚೆನ್ನಾಗಿ ಸಾಕಿದರೆ ಬೆಳೆದು ಡ್ರ್ಯಾಗನ್ ಆಗುತ್ತದೆ. ಇಲ್ಲವಾದರೆ ಏನೇನೋ ಆಗುತ್ತದೆ, ಅಥವಾ ಸಾಯುತ್ತದೆ.

ಇದರ ಒಡತಿ ನಯನಾ, ನರಗುಂದದಲ್ಲಿರುವ ನನ್ನ ತಂಗಿ ಗಿರಿಜಾಳ ಮಗಳು. ಇಂಥದ್ದೇ ಇನ್ನೊಂದು ಗಜೇಂದ್ರಗಡದಲ್ಲಿರುವ ನನ್ನ ತಮ್ಮನ ಮಗಳು ಪ್ರಗತಿಯ ಹತ್ತಿರ ಇದೆ. ಎರಡು ಡಬ್ಬಿಗಳನ್ನು ತಲೆಗೆ ತಲೆ ತಾಗಿಸಿ ಇಟ್ಟರೆ ಒಳಗಿನ ಪ್ರಾಣಿಗಳು ಕಾದಾಡುತ್ತವೆ. ಕಾದಾಡಿದಾಗಲೆಲ್ಲ ನಯನಾಳದ್ದು ಸೋತಿತ್ತು. ಶ್ರಾವಣದ ಕಡೆಯ ಸೋಮವಾರ ಎಲ್ಲರೂ ರೋಣಕ್ಕೆ ನಮ್ಮ ಮನೆಗೆ ಬರುವುದು ರೂಢಿ. ಅವತ್ತು ಮತ್ತೆ ಕಾಳಗ ಎಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಗಿರಿಜಾ, ಶಾಲೆಯ ಪರೀಕ್ಷೆ ಮುಗಿಯುವ ತನಕ ಆ ಪ್ರಾಣಿ ಮನೆಯಲ್ಲಿ ಇರಕೂಡದೆಂದು ಹುಕುಂ ಹೊರಡಿಸಿದಳು. ಪಂಚಮಿಗೆ ತವರಿಗೆ ಬಂದವರು ಹೊರಡುವಾಗ ನಯನಾ ಅದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

“ಮಾಮಾ, ನಮ್ಮವ್ವಗ ಕೊಟ್ರ ಬ್ಯಾಟ್ರಿ ತಗೀತಾಳ. ಅಪ್ಪ ಮರೀತಾನ. ನಿನ್ನ ಬಿಟ್ರ ಯಾರದಾರ ನನಗ? ಈ ಸಲ ನಾ ಗೆಲ್ಲಬೇಕು.”

“ನೀ ಚಿಂತಿ ಬಿಡವಾ! ಇಡೀ ತಾಲೂಕಿನ ಬೆಳಿ ಸಾಕಾಂವ ನಾನು. ಇದೊಂದ ಬೆರಳಿನಷ್ಟ ಹುಳಾ ಸಾಕೂದಿಲ್ಲೇನು?”

ನನ್ನದು ಬೀಜ ಮತ್ತು ಕ್ರಿಮಿನಾಶಕದ ಅಂಗಡಿ. ಹುಳ ಕೊಲ್ಲುವ ಔಷಧ ಮಾರುವವನು ಹುಳ ಸಾಕುವ ಭರವಸೆ ಕೊಡಬಾರದಿತ್ತು. ಸುಜಾತಾ ಬಾಗಿಲಲ್ಲೇ ನಿಂತು ಹೇಳಿದಳು: “ನಮ್ಮ ಮಕ್ಳು ಎಷ್ಟನೇ ಕ್ಲಾಸ ಅಂತ ಯಾರರ ಕೇಳಿದ್ರ ನನ್ನ ಮಾರಿ ನೋಡ್ತಿದ್ರಿ. ಈಗ ಇದನ್ನ ಸಾಕ್ತಾರಂತ!”

ನಾನು ಗಂಭೀರವಾಗಿ ಕಾರ್ಯಾರಂಭ ಮಾಡಿದೆ. ಗುಂಡಿ ಒತ್ತಿದರೆ ಊಟದ ಎರಡು ಚಿತ್ರ ಬರುತ್ತಿದ್ದವು. ಒಂದು ಗುಳಿಗೆ. ಇನ್ನೊಂದು ದುಂಡಗೆ, ಹೊಳೆಯುತ್ತ, ಒಂದು ತುದಿಗೆ ತೊಟ್ಟು ಇರುವ ಬದನೆಕಾಯಿ. ನಾನು ಬದನೆಕಾಯಿ ಕೊಟ್ಟೆ. ಮರಿ ಮೂರು ಬಾಯಿಗೆ ಅದನ್ನು ಮುಗಿಸಿ ಕುಣಿಯಿತು.

“ಏನ ತಿಂತಪಾ ಅದು?” ಎಂದಳು ಅವ್ವ.

“ಬದನಿಕಾಯಿ ಯವ್ವಾ.”

“ಹಂಗಾರ ನಮ್ಮ ಪೈಕಿನ ಅನ್ನು!”

ಅವ್ವನಿಗೆ ಅದರ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಕೆಳಗಿಟ್ಟರೆ ಯಾರಾದರೂ ತುಳಿದಾರು ಎಂದು ದೇವರ ಜಗಲಿಯ ಮೇಲೆ, ನಂದಾದೀಪದ ಪಕ್ಕದಲ್ಲಿ ಜಾಗ ಕೊಟ್ಟಳು. ಎಣಗಾಯಿ ಮಾಡಿದ ದಿನ ತಾಟನ್ನು ಅದರ ಮುಂದೆ ಹಿಡಿದು ತೋರಿಸಿದಳು ಕೂಡ. ನಾನು ಹೊತ್ತುಹೊತ್ತಿಗೆ ಜಗಲಿಯ ಮುಂದೆ ಕೂತು ಬದನೆಕಾಯಿ ತಿನ್ನಿಸಿದೆ. ಸಾಕುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ಮಕ್ಕಳನ್ನೂ ನಾನೇ ಸಾಕುತ್ತಿದ್ದೆ!

ಒಂದು ದಿನ ಅದನ್ನು ಅಂಗಡಿಗೆ ಒಯ್ದಿದ್ದೆ. ಪಕ್ಕದ ಅಂಗಡಿ ಖಾದರಭಾಯಿಯದು. ಅಂಗಿ, ಜಂಪರ ಹೊಲಿಯುತ್ತಾರೆ. ಮರಿ ಉಣ್ಣುವುದನ್ನು ಅವರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಸೂಜಿಗೆ ದಾರ ಪೋಣಿಸುವಾಗಿನಂತೆ ಕನ್ನಡಕ ಮೂಗಿನ ತುದಿಗೆ ತಂದು ನೋಡಿದರು.

“ಏನ ತಿನ್ನಾಕತ್ತೈತ್ರಿ ಇದು?”

“ಬದನಿಕಾಯಿ.”

“ಬದನಿಕಾಯಿಗೆ ಎಲುಬ ಯಾವಾಗ ಬಂತ್ರಿ ಈರಣ್ಣಾರ?”

“ಅದು ತೊಟ್ಟ್ರಿ.”

“ತೊಟ್ಟಿನ ತುದಿಗೆ ಎರಡ ಗಂಟ ಇರ್ತಾವೇನ್ರಿ? ಇದು ಕಾಲ್ರಿ, ಕಾಲು! ಆಡಿಂದೋ ಕೋಳೀದೋ ನಾ ಹೇಳಾಕ ಬರೂದಿಲ್ಲ. ಬದನಿಕಾಯಿ ಅಂತೂ ಅಲ್ಲ.”

ಅಷ್ಟು ಹೇಳಿ ಅವರು ನಗಲು ಶುರುಮಾಡಿದರು. ಮಷಿನು ನಿಲ್ಲಿಸಿ ನಕ್ಕರು.

ನಾನು ಈ ವಿಷಯವನ್ನು ಅತ್ಯಂತ ಗೋಪ್ಯವಾಗಿ ಸುಜಾತಾಳಿಗೆ ಮಾತ್ರ ತಿಳಿಸಿದೆ. ಕಾಲು ತೊಳೆದುಕೊಂಡು ಒಳಗೆ ಬರುವಷ್ಟರಲ್ಲಿ ಅವ್ವನಿಗೆ ಗೊತ್ತಾಗಿತ್ತು.

ಮೊಟ್ಟೆ ಹಾಕಿದ ಕೇಕು ಸಹ ದಾಟದ ಹೊಸ್ತಿಲು ನಮ್ಮದು. ಅಂಥ ಮನೆಯಲ್ಲಿ, ಶ್ರಾವಣ ಮಾಸದಲ್ಲಿ, ದೇವರ ಜಗಲಿಯ ಮೇಲೆ, ನಂದಾದೀಪದ ಬೆಳಕಿನಲ್ಲಿ, ನಾನು ಕೈಯಾರೆ ಕಾಲು ತಿನ್ನಿಸಿದ್ದೆ!

“ಮೂಕ ಪ್ರಾಣಿ, ಅದಕ್ಕೇನ ತಿಳೀಬೇಕು,” ಎಂದಳು ಅವ್ವ. “ತಿನ್ನಿಸಿದ ಕ್ವಾಣಕ್ಕ ತಿಳೀಬೇಕು!”

ಶುದ್ಧೀಕರಣ ನಡೆಯಿತು. ಅವ್ವ ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಡಬ್ಬಿಗೆ ಈ ಬದಿಯಿಂದ ಆ ಬದಿಗೆ ದಪ್ಪಗೆ ಎಳೆದಳು. ಪರದೆ, ಗುಂಡಿ ಒಂದೂ ಬಿಡಲಿಲ್ಲ. ಮೇಲೆ ನಾಲ್ಕು ಹನಿ ನೀರು. ಆಮೇಲಿಂದ ನಡುವಿನ ಗುಂಡಿ ಒಳಗೆ ಹೋದರೆ ಬೇಗ ಹೊರಗೆ ಬರುತ್ತಿರಲಿಲ್ಲ. ನಾನು ಅದನ್ನು ದೊಡ್ಡದು ಮಾಡಲಿಲ್ಲ. ಆ ಹೊತ್ತಿನಲ್ಲಿ ಅವ್ವನ ಮುಂದೆ ಯಾವುದನ್ನೂ ದೊಡ್ಡದು ಮಾಡುವಂತಿರಲಿಲ್ಲ.

ನಂತರ ತೀರ್ಪು ಬಂತು. “ಗುಳಿಗಿ ಐತೆಲ್ಲಾ? ಇನ್ನ ಮ್ಯಾಲ ಗುಳಿಗಿ ಅಷ್ಟ.”

“ಬರೇ ಗುಳಿಗಿ ಮ್ಯಾಲ ಯಾರರ ಬದುಕತಾರೇನ್ರಿ ಅತ್ತಿ?” ಎಂದಳು ಸುಜಾತಾ.

“ನಾ ಬದುಕಿಲ್ಲೇನು? ಮುಂಜಾನಿ ಬಿಪಿದು, ಮಧ್ಯಾಹ್ನ ಸಕ್ರಿದು, ಸಂಜಿಗೆ ಮೊಣಕಾಲಿಂದು!”

ಸೋಮವಾರ ಅದೂ ಇಲ್ಲ. ಸಂಜೆ ಪೂಜೆಯಾಗುವ ತನಕ ಮನೆಮಂದಿಯ ಜೊತೆ ಜಪಾನಿ ಮರಿಗೂ ಉಪವಾಸ. ಅದು ಒದರಿತು. ನಾನು ಅದಕ್ಕೆ ತಿಳಿಹೇಳಿದೆ. ಜಪಾನಿಗೆ ಕನ್ನಡ ತಿಳಿಯಲಿಲ್ಲ.

ಒದರಾಟ ತಡೆಯಲಾರದೆ ಕೊನೆಗೆ ಅವ್ವ ಒಂದು ರಿಯಾಯಿತಿ ಕೊಟ್ಟಳು. “ಹೊಸ್ತಿಲದಾಚೆ ಏನರ ಮಾಡ್ಕೋ. ಒಳಗ ಬರೂಮುಂದ ಕೈ ತೊಳಕೋ.” ಹೀಗೆ ನಾನು ದಿನಾ ಬೀದಿಯಲ್ಲಿ, ಗಟಾರದ ಪಕ್ಕ ಗೋಡೆಗೆ ಮುಖ ಮಾಡಿ ನಿಂತು, ಅಂಗೈ ಮರೆ ಮಾಡಿ ಮಾಂಸ ಉಣಿಸತೊಡಗಿದೆ. ಎದುರುಮನೆಯ ನಿವೃತ್ತ ಮಾಸ್ತರು ಕೆಲವು ದಿನ ನೋಡಿದರು. ಆಮೇಲೆ ತಡೆಯಲಾಗಲಿಲ್ಲ.

“ಏನಪಾ ಈರಣ್ಣ, ಮನಿಯಾಗ ಕುಂತು ನೋಡಬಾರದಂಥಾದ್ದು ಏನ ನೋಡ್ತಿ ಇಲ್ಲಿ ನಿಂತು?”

“ಹವಾಮಾನ ನೋಡಾಕತ್ತೀನ್ರಿ ಸರ್.”

ಮಾಸ್ತರು ಒಮ್ಮೆ ಆಕಾಶ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಸಂಜೆಯ ಹೊತ್ತಿಗೆ ಗಿರಿಜಾ ನರಗುಂದದಿಂದ ಫೋನ್ ಮಾಡಿದಳು: “ಅಣ್ಣಾ, ಮನಿಯಾಗ ಎಲ್ಲಾ ಚಲೋ ಅದೀರಿಲ್ಲೋ? ವೈನಿ ನಿನ್ನ ಹೊರಗ ನಿಂದ್ರಿಸ್ಯಾರಂತಲ್ಲಾ?”

ನಯನಾ ಹಿಂದಿನಿಂದ ಕೂಗಿ ಕೇಳುತ್ತಿದ್ದಳು: “ಮಾಮಾ, ಡ್ರ್ಯಾಗನ್ ಆತೇನು?”

“ಆಗಾಕತ್ತೈತಿ ನೋಡವಾ,” ಎಂದೆ.

ನನ್ನ ಅವಸ್ಥೆ ನೋಡಿ ಖಾದರಭಾಯಿಗೆ ಕನಿಕರ ಬಂತು. “ಹಗಲು ನಮ್ಮಲ್ಲಿ ಬಿಡ್ರಿ. ನಮ್ಮಲ್ಲಿ ಶ್ರಾವಣ ಇಲ್ಲ.” ಬಿಟ್ಟೆ. ಆದರೆ ಖಾದರಭಾಯಿಯ ಮನೆತನದಲ್ಲಿ ಅತಿಥಿ ‘ಸಾಕು’ ಎಂದರೆ ‘ಇನ್ನೂ ಹಾಕಿ’ ಎಂದು ಅರ್ಥ. “ತಗೋ ಬೇಟಾ, ಅರ್ಧಾ ಹೊಟ್ಟಿಲೆ ಏಳಬ್ಯಾಡ” ಎನ್ನುತ್ತ ಅವರು ಕಾಲಿನ ಮೇಲೆ ಕಾಲು ಕೊಟ್ಟರು. ಸಾಲದ್ದಕ್ಕೆ ಸಿಕ್ಕಿಕೊಂಡ ಗುಂಡಿ ಒಂದು ಸಲ ಒತ್ತಿದರೆ ಎರಡು ಸಲ ಬಡಿಸುತ್ತಿತ್ತು. ಸಂಜೆ ಮನೆಗೆ ತಂದರೆ ಅವ್ವನ ಗುಳಿಗೆ. ಹಗಲು ಬಾಡೂಟ, ಸಂಜೆ ಏಕಾದಶಿ! ಯಾವ ಪ್ರಾಣಿ ತಡೆದೀತು? ಅದರ ತಲೆಯ ಮೇಲೆ ಒಂದು ಬುರುಡೆಯ ಚಿತ್ರ ಬಂತು. ಬುರುಡೆ ಎಂದರೆ ಕಾಯಿಲೆ. ನಮ್ಮ ಅಂಗಡಿಯ ಎಲ್ಲ ಡಬ್ಬಿಗಳ ಮೇಲೂ ಬುರುಡೆ ಇರುವುದರಿಂದ ನಾನು ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಇನ್ನು ಹೊಲಸು ತೊಳೆಯುವ ವಿಚಾರ. ಅದು ಬೆಟ್ಟದಂತೆ ಬೆಳೆದು ಮರಿಯನ್ನು ಪರದೆಯ ಮೂಲೆಗೆ ಒತ್ತರಿಸಿತ್ತು.

“ನೀವು ತೊಳದೀರಿ ಅನ್ಕೊಂಡಿದ್ನಿ,” ಎಂದರು ಖಾದರಭಾಯಿ.

“ನೀವು ತೊಳದೀರಿ ಅನ್ಕೊಂಡಿದ್ದೆ,” ಎಂದೆ ನಾನು.

ಕಸರತ್ತು ಎಂಬ ಪದ ನಮ್ಮಿಬ್ಬರಿಗೂ ನೆನಪೇ ಇರಲಿಲ್ಲ.

ಇಂಥ ಸ್ಥಿತಿಯಲ್ಲಿ ಒಂದು ಸಂಜೆ ಪರದೆ ಝಗಝಗ ಎನ್ನತೊಡಗಿತು. “ಬರ್ರಿ, ಲಗೂನ ಬರ್ರಿ, ಡ್ರ್ಯಾಗನ್ ಆಗಾಕತ್ತೈತಿ!” ಎಂದು ಕೂಗಿದೆ. ಸುಜಾತಾ ಕೈಯಲ್ಲಿನ ರೊಟ್ಟಿ ಹಿಟ್ಟಿನೊಂದಿಗೆ ಓಡಿಬಂದಳು. ಅವ್ವ ಕನ್ನಡಕ ಹಾಕಿಕೊಂಡಳು. ಪರದೆ ಮಿಂಚಿತು, ಕತ್ತಲಾಯಿತು, ಮತ್ತೆ ಮಿಂಚಿತು. ಹೊರಗೆ ಬಂದದ್ದು ಕಾಲಿಲ್ಲದ, ಕೈಯಿಲ್ಲದ, ನಾಲಿಗೆ ಹೊರಚಾಚಿದ ಒಂದು ಲೋಳೆಹುಳ. ತನ್ನದೇ ಹೊಲಸಿನ ಪಕ್ಕ ಸಮಾಧಾನವಾಗಿ ಕೂತಿತ್ತು.

“ಇದೇನ್ರಿ ಡ್ರ್ಯಾಗನ್?” ಎಂದಳು ಸುಜಾತಾ.

ಅವ್ವ ದಿಟ್ಟಿಸಿ ನೋಡಿ, “ಸಣ್ಣವಿದ್ದಾಗ ಈರಣ್ಣ ಹಿಂಗ ಇದ್ದ,” ಎಂದಳು.

ಕಡೆಯ ಸೋಮವಾರ ಬಂತು. ನಯನಾ ಚೀಲ ಕೆಳಗಿಡದೆ ಕೈ ಚಾಚಿದಳು. ಕೊಟ್ಟೆ. ನೋಡಿದಳು.

“ಮಾಮಾ, ಏನಿದು?”

“ಡ್ರ್ಯಾಗನ್ನಿಂದ ಒಂದು ಜಾತಿ.”

“ಅಲ್ಲ. ನೋಡಿಕೊಳ್ಳಾಕ ಬರಲಾರದವರ ಕಡೆ ಇದ್ರ ಹಿಂಗಾಕ್ಕತಿ.”

ನಾನು ಬೇರೆ ಬೇರೆ ಕಡೆ ನೋಡಿದೆ. ಅಷ್ಟರಲ್ಲಿ ಗಜೇಂದ್ರಗಡದವರೂ ಬಂದರು. ಪ್ರಗತಿಯ ಡಬ್ಬಿಯಲ್ಲಿ ರೆಕ್ಕೆ ಬಿಚ್ಚಿದ, ಬೆಂಕಿ ಉಗುಳುವ ನಿಜವಾದ ಡ್ರ್ಯಾಗನ್! ಲೋಳೆಹುಳ ನೋಡಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಇದರ ಜೋಡಿ ನಾ ಆಡೂದಿಲ್ಲ, ನಂದಕ್ಕ ವಾಸನಿ ಹತ್ತತೈತಿ!”

ನಯನಾ ನಗಲಿಲ್ಲ, ಅಳಲೂ ಇಲ್ಲ. ಪರದೆಯ ಮೇಲಿನ ವಿಭೂತಿಯನ್ನು ಫ್ರಾಕಿನ ಅಂಚಿನಿಂದ ಒರೆಸಿದಳು. ಹೊಲಸು ತೊಳೆದಳು, ಎಂದರೆ ಒಂದು ಗುಂಡಿ ನಾಲ್ಕು ಸಲ ಒತ್ತಿದಳು. “ಇರ್ಲಿ. ಜೀವಂತ ಐತೆಲ್ಲಾ. ಇದು ಹೇಸಿಗಿ ಒಗದು ಹೊಡೀತೈತಿ. ಡ್ರ್ಯಾಗನ್ನಿನ ಕಣ್ಣಿಗೆ ಬಿದ್ರ ಗೆದ್ದರೂ ಗೆಲ್ಲಬಹುದು. ಬಾ, ಆಡೂಣು.”

ಆ ಕ್ಷಣ ನನಗೆ ಆ ಹುಳದ ಮೇಲೆ ಅಪಾರ ಗೌರವ ಬಂತು. ಇಡೀ ಮನೆ ಪಡಸಾಲೆಯಲ್ಲಿ ಸೇರಿತು. ಡಬ್ಬಿಗೆ ಡಬ್ಬಿ ತಾಗಿಸಿದರು. ಇಬ್ಬರೂ ಒಟ್ಟಿಗೆ ನಡುವಿನ ಗುಂಡಿ ಒತ್ತಬೇಕು. ಪ್ರಗತಿ ಒತ್ತಿದಳು. ನಯನಾ ಒತ್ತಿದಳು. ನಯನಾಳ ಗುಂಡಿ ಒಳಗೆ ಹೋಗಿ ಅಲ್ಲೇ ಕೂತುಬಿಟ್ಟಿತು. ವಿಭೂತಿ!

“ತಾ ಇಲ್ಲಿ,” ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಸುಜಾತಾಳ ಬಳೆಯಲ್ಲಿ ಸಿಕ್ಕಿಸಿದ್ದ ಪಿನ್ನು ತೆಗೆದುಕೊಂಡು ಗುಂಡಿಯ ಸುತ್ತ ಕೆದರಿದೆ. ಬೂದಿ ಉದುರಿತು, ಗುಂಡಿ ಅರ್ಧ ಎದ್ದಿತು. ಡಬ್ಬಿಯನ್ನು ಮಗುಚಿದೆ. ಹಿಂದೆ ಸೂಜಿಮೊನೆಯಷ್ಟು ತೂತು ಕಂಡಿತು. ಇಲ್ಲಿಂದ ಒಂದು ಸಲ ಚುಚ್ಚಿ ದೂಡಿದರೆ ಉಳಿದದ್ದೂ ಹೊರಬೀಳುತ್ತದೆ ಎಂದು ನನ್ನ ಇಷ್ಟು ವರ್ಷದ ಸ್ಪ್ರೇ ಪಂಪಿನ ಅನುಭವ ಹೇಳಿತು.

“ಮಾಮಾ, ಅಲ್ಲಿ ಬ್ಯಾಡ—”

ಸುಜಾತಾಳ ಪ್ರಕಾರ ನಯನಾ ಹೀಗೆ ಎರಡು ಸಲ ಕೂಗಿದಳು. ನನಗೆ ಒಂದೇ ಸಲ ಕೇಳಿಸಿತು, ಅದೂ ಚುಚ್ಚಿದ ಮೇಲೆ.

‘ಪೀಂ’ ಎಂದಿತು. ಪರದೆ ಬೋಳಾಯಿತು. ಲೋಳೆಹುಳ ಇಲ್ಲ, ಬುರುಡೆ ಇಲ್ಲ, ಇಷ್ಟು ದಿನದ ಬದುಕು ಏನೂ ಇಲ್ಲ. ಅದು ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡುವ ತೂತು! ಸ್ವಲ್ಪ ಹೊತ್ತಿಗೆ ಪರದೆಯ ನಡುವೆ ಒಂದು ದುಂಡನೆಯದು ಮೂಡಿ ಅಲ್ಲಾಡತೊಡಗಿತು.

“ಯಾಕ ಸುಮ್ನಾದ್ರಿ? ಏನಾತ?” ಎಂದಳು ಅವ್ವ.

ಪ್ರಗತಿ ಮೆಲ್ಲಗೆ ಹೇಳಿದಳು: “ತತ್ತಿ ಆತು, ಅಜ್ಜಿ.”

“ಸೋಮವಾರ! ಶ್ರಾವಣ ಸೋಮವಾರ!” ಅವ್ವ ಹಣೆ ಬಡಿದುಕೊಂಡಳು. “ಮಾಂಸಾ ಆತು, ಈಗ ತತ್ತಿ! ಇದೊಂದ ಬಾಕಿ ಇತ್ತು ನಮ್ಮ ಮನಿಗೆ!”

ಎಲ್ಲರೂ ನಕ್ಕರು. ನಯನಾ ಡಬ್ಬಿ ತೆಗೆದುಕೊಂಡು ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

“ಹೊಸಾದು ಬರ್ತೈತೆಲ್ಲವಾ. ಒಂದ ನಮೂನಿ ಚಲೋನ ಆತು.”

“ಅದು ಬ್ಯಾರೆ, ಇದು ಬ್ಯಾರೆ ಮಾಮಾ.”

“ಸಿಟ್ಟ ಬಂದೈತೇನು?”

“ಇರ್ಲಿ ಬಿಡು.”

ನಮ್ಮ ಕಡೆ ‘ಇರ್ಲಿ ಬಿಡು’ ಎಂಬುದಕ್ಕೆ ಕ್ಷಮಿಸಿದೆ ಎಂದೂ ಅರ್ಥವಿದೆ, ಇನ್ನು ನಿನ್ನ ಹತ್ತಿರ ಮಾತಾಡಿ ಉಪಯೋಗವಿಲ್ಲ ಎಂದೂ ಅರ್ಥವಿದೆ. ನಾನು ವಿವರ ಕೇಳಲಿಲ್ಲ.

ಮರುದಿನ ಮುಂಜಾನೆ ತಾಯಿ-ಮಗಳಿಬ್ಬರನ್ನೂ ನರಗುಂದದ ಬಸ್ಸಿಗೆ ಹತ್ತಿಸಲು ಹೋದೆ. ನಯನಾ ಕಿಟಕಿಯ ಪಕ್ಕ ಕೂತು ಹೇಳಿದಳು: “ಮಾಮಾ, ಮುಂದಿನ ಪರೀಕ್ಷಾಕ್ಕ ಇದನ್ನ ಖಾದರಚಾಚಾನ ಕಡೆ ಬಿಡ್ತೀನಿ. ನೀ ಅವರಿಗೆ ಕೊಟ್ಟ ಬಾ, ಅಷ್ಟ ಸಾಕು.” ತಾಲೂಕಿನ ಬೆಳೆ ಸಾಕುವವನು ಈಗ ಪಾರ್ಸೆಲ್ ಮುಟ್ಟಿಸುವ ಹುದ್ದೆಗೆ ಇಳಿದಿದ್ದೆ. ಆಗಲಿ ಎಂದೆ.

ಬಸ್ಸು ತಿರುಗುವಾಗ ನೋಡಿದರೆ ಅವಳು ಕೈಯಲ್ಲಿನ ಡಬ್ಬಿಯ ಮೇಲೆ ತಲೆ ಬಗ್ಗಿಸಿದ್ದಳು. ಆ ಹುಳ ಗೆಲ್ಲುತ್ತಿತ್ತೋ ಇಲ್ಲವೋ, ಅದು ಯಾರಿಗೂ ಗೊತ್ತಾಗುವುದಿಲ್ಲ. ಅವಳು ಮೊಟ್ಟೆ ಒಡೆಯುವುದನ್ನು ಕಾಯುತ್ತಿದ್ದಳೋ, ಅಳುತ್ತಿದ್ದಳೋ, ಅದು ಅವಳಿಗೆ ಗೊತ್ತು. ನನಗೆ ಗೊತ್ತಿಲ್ಲ.