ಮುಖಪುಟ ಮೊದಲು, ಪುಸ್ತಕ ಆಮೇಲೆ

ಒಂದು ಸಾಲನ್ನೂ ಬರೆಯದೆ ಪುಸ್ತಕದ ಮುಖಪುಟ ಅಚ್ಚು ಹಾಕಿಸಿದ ಲೇಖಕಿ ಈ ಭೂಮಂಡಲದಲ್ಲಿ ಒಬ್ಬರೇ ಇರಬೇಕು. ಅವರು ನನ್ನ ದೊಡ್ಡಮ್ಮ!

ಎಪ್ಪತ್ತರ ದಶಕದ ಕೊನೆಯಲ್ಲಿ ಕಾರ್ಕಳದ ಶಾಲೆಯಿಂದ ನಿವೃತ್ತರಾಗಿ ಕಾಪುವಿನ ಮನೆಗೆ ಬಂದವರೇ, "ಇನ್ನು ನಾನು ಪುಸ್ತಕ ಬರೆಯುವುದೇ" ಎಂದು ಘೋಷಿಸಿದರು. ದೊಡ್ಡಮ್ಮ ಹಠ ಹಿಡಿದರೆ ಕಾಪುವಿನ ದೀಪಸ್ತಂಭವೂ ಸರಿದು ದಾರಿ ಬಿಡಬೇಕು! ಅವರ ತಲೆಯಲ್ಲಿ ಮೂರು ಪುಸ್ತಕಗಳಿದ್ದವು: ಮೀನಿನ ಅಡುಗೆ, ಒಂದು ಕಾದಂಬರಿ, ಮತ್ತು ಉಡುಪಿ–ಕಾರ್ಕಳ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ದೊಡ್ಡಪ್ಪನ ಅನುಭವಗಳು. ಯಾವುದು ಮೊದಲು? ಅದು ತೀರ್ಮಾನವಾಗುವ ಮುಂಚೆಯೇ ಉಡುಪಿಯ ಪ್ರೆಸ್ಸಿಗೆ ಹೋಗಿ, ತಮ್ಮ ಫೋಟೋ ಮತ್ತು ಹೆಸರು ಹಾಕಿಸಿ ಕಟ್ಟುಗಟ್ಟಲೆ ಮುಖಪುಟ ತಂದರು. ಪುಸ್ತಕದ ಹೆಸರಿನ ಜಾಗ ಖಾಲಿ!

"ಕೂಸು ಹುಟ್ಟುವ ಮುಂಚೆ ಕುಲಾವಿಯಾ ಟೀಚರೇ?" ಎಂದು ಪ್ರೆಸ್ಸಿನವರು ನಕ್ಕರಂತೆ.

"ಕುಲಾವಿ ತಯಾರಾದ ಮೇಲೆ ಕೂಸಿಗೆ ಹುಟ್ಟದೆ ನಿರ್ವಾಹ ಉಂಟಾ ಮಾರಾಯ್ರೇ?"

ಮೊದಲು ಅಡುಗೆ ಪುಸ್ತಕ. ಬಂಗುಡೆ ಪುಳಿಮುಂಚಿಗೆ ಮೆಣಸು ಎಷ್ಟು? "ಕಣ್ಣಿಗೆ ಸರಿ ಕಂಡಷ್ಟು." ಹುಳಿ? "ಕೈಗೆ ಬಂದಷ್ಟು." ತಕ್ಕಡಿ ಇಟ್ಟು ಅಳೆದು ಮಾಡಿದ ದಿನ ಆ ಸಾರು ಬೆಕ್ಕಿಗೂ ಬೇಡವಾಯಿತು. ಪುಸ್ತಕ ಅಲ್ಲಿಗೇ ನಿಂತಿತು.

ಆಮೇಲೆ ಕಾದಂಬರಿ. ಮೊದಲ ಅಧ್ಯಾಯವನ್ನು ನೆರೆಕರೆಯ ಹೆಂಗಸರಿಗೆ ಓದಿ ಹೇಳಿದರು. ಅದರಲ್ಲೊಬ್ಬಳು ಜಗಳಗಂಟಿ ಅತ್ತೆ. ಕೇಳಲು ಬಂದವರೆಲ್ಲ "ಇದು ನಾನೇ ಅಲ್ವಾ?" ಎನ್ನುತ್ತಾ ಎದ್ದು ನಡೆದರು! ಮಳೆಗಾಲ ಮುಗಿಯುವವರೆಗೆ ಪಕ್ಕದ ಮನೆಯ ಕರಿಬೇವು ನಮಗೆ ಸಿಗಲಿಲ್ಲ.

ಇತ್ತ ಮುಖಪುಟಗಳೆಲ್ಲ ನಮ್ಮ ಪಠ್ಯಪುಸ್ತಕಗಳಿಗೆ ಬೈಂಡಾದವು. ಗಣಿತದ ಮೇಲೂ ದೊಡ್ಡಮ್ಮ, ವಿಜ್ಞಾನದ ಮೇಲೂ ದೊಡ್ಡಮ್ಮ! "ಯಾರಪ್ಪಾ ಇವರು, ಎಲ್ಲದರಲ್ಲೂ ಪಂಡಿತರು?" ಎಂದು ನಮ್ಮ ಮಾಸ್ಟ್ರು ಕೇಳಿದ್ದುಂಟು.

"ಬಸ್ಸಿನ ಪುಸ್ತಕವನ್ನಾದರೂ ಬರೆಯಿರಿ ದೊಡ್ಡಮ್ಮ" ಎಂದೆ.

"ಅದಕ್ಕೆ ಎಂತ ಅವಸರ? ಕಥೆಗಳೆಲ್ಲ ಇವರ ತಲೆಯಲ್ಲಿ ಉಂಟು. ತಲೆ ಮನೆಯಲ್ಲೇ ಉಂಟು!"

ಅವರಿಬ್ಬರ ಪರಿಚಯವಾದದ್ದೂ ಅದೇ ಬಸ್ಸಿನಲ್ಲಿ. ಹೊಸ ಟೀಚರು ಕಾರ್ಕಳಕ್ಕೇ ಹೋಗುವುದೆಂದು ಗೊತ್ತಿದ್ದರೂ ಕಂಡಕ್ಟರು ದಿನಾ ಕೇಳುತ್ತಿದ್ದರಂತೆ: "ಟೀಚರೇ, ನೀವು ಎಲ್ಲಿ ಇಳಿಯುವುದು?" ಮಾತಾಡಲು ಒಂದು ನೆಪ ಬೇಡವೇ? ಮನೆಯಲ್ಲಿ ಯಾರಾದರೂ ಇದನ್ನು ಎತ್ತಿದರೆ ದೊಡ್ಡಪ್ಪ ಆ ವಯಸ್ಸಿನಲ್ಲೂ ನಾಚುತ್ತಿದ್ದರು.

ಮರುವರ್ಷ ದೊಡ್ಡಪ್ಪನಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ ಇಟ್ಟ ಜಾಗ, ಆಮೇಲೆ ನೆಂಟರ ಹೆಸರು. "ಹೋದ ನೆನಪು ತಿರುಗಿ ಬರುವುದಿಲ್ಲ" ಎಂದರು ಮಣಿಪಾಲದ ಡಾಕ್ಟರು. ಮನೆಗೆ ಬಂದ ದೊಡ್ಡಮ್ಮ ಸೀರೆಯನ್ನೂ ಬದಲಿಸದೆ ಕಾಗದ, ಪೆನ್ನು ಹಿಡಿದು ಜಗಲಿಯಲ್ಲಿ ಕುಳಿತರು. ಇನ್ನು ಚರ್ಚೆಯೇ ಇಲ್ಲ, ಬಸ್ಸು ಮೊದಲು! ಬಸ್ಸು ಹೋಗುವ ಕ್ರಮದಲ್ಲೇ ಒಂದೊಂದು ಸ್ಟಾಪಿನ ಹೆಸರು ಹೇಳುವರು. ಹೆಸರು ಕಿವಿಗೆ ಬಿದ್ದರೆ ದೊಡ್ಡಪ್ಪನಿಗೆ ಕಥೆ ನೆನಪಾಗುತ್ತಿತ್ತು. ಪರ್ಕಳ ಎಂದರೆ ಕಾಳಗಕ್ಕೆ ಒಯ್ಯುವಾಗ ಸೀಟಿನಡಿ ತಪ್ಪಿಸಿಕೊಂಡ ಅಂಕದ ಕೋಳಿ. ಹಿರಿಯಡ್ಕ ಎಂದರೆ ಮದುಮಗನನ್ನೇ ಬಿಟ್ಟು ಹೊರಟ ದಿಬ್ಬಣ. ನಾವು ನಕ್ಕು ನಕ್ಕು ಸುಸ್ತಾಗುತ್ತಿದ್ದೆವು.

ಒಂದು ಸಂಜೆ ಪುಸ್ತಕ ಬೈಲೂರಿನವರೆಗೆ ಬಂದಿತ್ತು. ದೊಡ್ಡಪ್ಪ ಮಾತು ನಿಲ್ಲಿಸಿ ದೊಡ್ಡಮ್ಮನನ್ನೇ ನೋಡಿದರು, ಗುರುತಿಲ್ಲದವರನ್ನು ನೋಡುವಂತೆ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು:

"ಟೀಚರೇ, ನೀವು ಎಲ್ಲಿ ಇಳಿಯುವುದು?"

ನಮಗೆ ಯಾರಿಗೂ ನಗು ಬರಲಿಲ್ಲ. ದೊಡ್ಡಮ್ಮನ ಕಣ್ಣು ತುಂಬಿತು. ಆದರೆ ಪೆನ್ನು ಕೆಳಗಿಡಲಿಲ್ಲ.

"ಕೊನೆಯ ಸ್ಟಾಪಿನಲ್ಲಿ, ನಿಮ್ಮ ಒಟ್ಟಿಗೇ" ಎಂದರು. "ನೀವು ಹೇಳಿ, ಬೈಲೂರಿನಲ್ಲಿ ಯಾರು ಹತ್ತಿದರು?"