ಖಳನಿಗೊಂದು ಲೋಟ ಕಾಫಿಯ ಹೊತ್ತು

ನಮ್ಮ ಸೋದರತ್ತೆಯ ಸಹವಾಸವೆಲ್ಲ ಕೊಲೆಗಡುಕರದು! ಹೀಗೆಂದರೆ ಕೊಯಮತ್ತೂರು ಬಳಿಯ ತುಡಿಯಲೂರಿನ ಅವಳ ಬೀದಿಯವರು ನನ್ನನ್ನೇ ಹೊಡೆದಾರು. ಸೊಳ್ಳೆಯನ್ನೂ ಕೊಲ್ಲದೆ ಬೀಸಣಿಗೆಯಿಂದ ಓಡಿಸಿ ಬಿಡುವ ಹೆಂಗಸು ಅವಳು. ಆದರೆ ಕಾದಂಬರಿಯೊಳಗೆ ಕಾಲಿಟ್ಟಳೆಂದರೆ ಬೇಕಾದವನು ಕೇಡಿಗನೊಬ್ಬನೇ. ನಾಯಕ ನಾಯಕಿ ಕೂತು ಪ್ರೇಮದ ಮಾತಾಡುತ್ತಿದ್ದರೆ, "ಅದನ್ನ ಬಿಡು ಕಣ್ಣು, ಆ ಕೆಟ್ಟವನು ಎಲ್ಲಿ ಹೋದ?" ಎನ್ನುತ್ತಾಳೆ. ಕಣ್ಣು ಎಂದರೆ ನಾನು, ತಮಿಳರ ಮುದ್ದಿನ ಕರೆ.

ಓದುವವನು ನಾನು. ಮನೆಯಲ್ಲಿ ತಲೆಮಾರುಗಳಿಂದ ಕನ್ನಡವೇ ಆಡಿದರೂ ಅತ್ತೆಗೆ ಕನ್ನಡದ ಅಕ್ಷರ ಬಾರದು. ಕಲಿತದ್ದು ತಮಿಳು ಶಾಲೆಯಲ್ಲಿ. ನನಗೆ ಅಪ್ಪ ಕಿವಿ ಹಿಂಡಿ ಕಲಿಸಿದ್ದರು. ವಾರವಿಡೀ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹೊಲಿಗೆಯ ತಪ್ಪು ಹುಡುಕುವುದು ನನ್ನ ಕೆಲಸ. ಭಾನುವಾರ ಅತ್ತೆಯ ಮನೆಗೆ ಬಂದು ಮನುಷ್ಯರ ತಪ್ಪು ಓದುವುದು. ರಜೆ ಎಂಬುದು ನನ್ನ ಹಣೆಯಲ್ಲೇ ಬರೆದಿಲ್ಲ, ಏನು ಮಾಡಲಿ?

ಈ ಓದಿಗೊಂದು ಕಟ್ಟಳೆ ಉಂಟು. ಕೇಡಿಗ ಕೈ ಎತ್ತುವ ಸಾಲು ಬಂದೊಡನೆ ಅತ್ತೆ "ನಿಲ್ಲಿಸು!" ಎಂದು ಎದ್ದು ಅಡುಗೆಮನೆಗೆ ನಡೆಯುತ್ತಾಳೆ. ಹಾಲು ಕಾಯಿಸಿ, ಡಿಕಾಕ್ಷನ್ ಬೆರೆಸಿ, ಎರಡು ಲೋಟ ಕಾಫಿ ತರುತ್ತಾಳೆ. "ಅವನಿಗೂ ಯೋಚನೆ ಮಾಡೋಕೆ ಟೈಮ್ ಬೇಕಲ್ಲ, ಪಾವಂ!" ಎಂದು ಖಳನ ಮೇಲೆ ಮರುಕಪಡುತ್ತಾಳೆ. ಅಚ್ಚಾಗಿ ಎಷ್ಟೋ ಕಾಲವಾದ ಪುಸ್ತಕದ ಖಳ ಇವಳ ಕಾಫಿಗಾಗಿ ಮನಸ್ಸು ಬದಲಿಸುತ್ತಾನೆಯೇ? ಕಾಫಿ ಮುಗಿಸಿ ಓದುತ್ತೇನೆ. ಅವನು ಕಚಕ್ಕನೆ ಚುಚ್ಚುತ್ತಾನೆ. "ಮಾಡೇಬಿಟ್ನಾ!" ಎಂದು ಅತ್ತೆ ಕೆನ್ನೆಗೆ ಕೈ ಹಚ್ಚುತ್ತಾಳೆ. ಆ ಕಣ್ಣಲ್ಲಿ ಮೊದಲ ಸಲ ಬೆಟ್ಟ ನೋಡಿದವರ ಬೆರಗು ಇರುತ್ತದೆ.

ಒಮ್ಮೆ ಅನ್ನೂರಿನಲ್ಲಿ ಮದುವೆ ಮುಗಿಸಿ ಟೌನ್ ಬಸ್ಸಿಗೆ ನಿಂತಿದ್ದೆವು. ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆದೆ. ನಮ್ಮ ಕಡೆ ಟವೆಲ್ ಬಿದ್ದರೆ ಸೀಟು ರಿಜಿಸ್ಟರ್ ಆದ ಹಾಗೆ. ಹತ್ತಿ ನೋಡಿದರೆ ಮಹಾಶಯನೊಬ್ಬ ನನ್ನ ಟವೆಲ್ಲನ್ನು ಅಂದವಾಗಿ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ! ನಾನು ತಮಿಳಿನಲ್ಲಿ ಜಗಳಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅತ್ತೆ ತೋಳು ಹಿಡಿದು ಕನ್ನಡದಲ್ಲಿ ಪಿಸುಗುಟ್ಟಿದಳು: "ನೋಡು ಕಣ್ಣು, ಶುರು ಆಗೋದೇ ಹೀಗೆ. ಆದ್ರೂ ಎಷ್ಟು ಒಳ್ಳೆ ಮುಖ ಇದೆ ನೋಡು!" ಎರಡು ಸ್ಟಾಪ್ ಬರುವವರೆಗೂ ಆ ಮುಖವನ್ನೇ ನೋಡಿದಳು. ಮೂರನೆಯದರಲ್ಲಿ ಅವನು ಟವೆಲ್ ನನ್ನ ಕೈಗಿಟ್ಟು ಎದ್ದು ನಿಂತ.

ಇಷ್ಟೆಲ್ಲ ಪುಸ್ತಕಗಳಲ್ಲಿ ಒಂದನ್ನು ಮಾತ್ರ ಅತ್ತೆ ಮತ್ತೆ ಮತ್ತೆ ಓದಿಸುತ್ತಾಳೆ. ಅದರಲ್ಲಿ ತಮ್ಮನೊಬ್ಬ ಹಾಸಿಗೆ ಹಿಡಿದ ಅಣ್ಣನ ಮುಂದೆ ಔಷಧದ ಬಾಟಲಿ ಹಿಡಿದು ನಿಲ್ಲುತ್ತಾನೆ. ಅಣ್ಣ ಕೈ ಚಾಚುತ್ತಾನೆ, ತಮ್ಮ ಕೊಡುವುದಿಲ್ಲ. ಮೂರು ಸಲ ಓದಿದೆ, ಮೂರು ಸಲ ಕಾಫಿ ಕುಡಿದೆ, ಮೂರು ಸಲವೂ ಅಣ್ಣ ಸತ್ತ. ನಾಲ್ಕನೆಯ ಸಲ ಅತ್ತೆ ಅಷ್ಟೇ ಆಸೆಯಿಂದ ಕಾಫಿ ತಂದಾಗ ನನಗೆ ತಡೆಯಲಾಗಲಿಲ್ಲ. "ತಮ್ಮನ ಕೈ ನಡುಗಿತು. ಅವನು ಅಣ್ಣನಿಗೆ ಔಷಧ ಕುಡಿಸಿದ," ಎಂದು ಓದಿಬಿಟ್ಟೆ!

ಅತ್ತೆಯ ಮುಖ ಒಂದು ಗಳಿಗೆ ಅರಳಿತು. ಆಮೇಲೆ, "ಎಲ್ಲಿದೆ? ಬೆರಳಿಟ್ಟು ತೋರಿಸು," ಎಂದಳು.

ಯಾವುದೋ ಸಾಲಿನ ಮೇಲೆ ಬೆರಳಿಟ್ಟೆ.

"ಸುಳ್ಳು."

"ಅಕ್ಷರ ಬರದೆ ಸುಳ್ಳು ಅಂತ ಹೇಗೆ ಗೊತ್ತಾಯ್ತು ಅತ್ತೆ?"

"ಬೆರಳು ಓದೋಕೆ ಬರುತ್ತೆ ನನಗೆ. ನಡುಗ್ತಿರೋದು ನಿನ್ನ ಕೈ ಕಣ್ಣು."

ನಾನು ನಕ್ಕೆ. ಅವಳು ನಗಲಿಲ್ಲ.

"ನಮ್ಮ ಮಾಮಿಯಾರು, ಅದೇ ನಿನ್ನ ಮಾವನ ತಾಯಿ, ಆರು ವರ್ಷ ಮಲಗಿದ್ರಲ್ಲ," ಎಂದು ಶುರುಮಾಡಿದಳು. ಸೇವೆ ಎಂದರೆ ಹೀಗಿರಬೇಕು ಎಂದು ಕೊಯಮತ್ತೂರಿನ ನೆಂಟರೆಲ್ಲ ಅವಳನ್ನು ಇಂದಿಗೂ ಹೊಗಳುತ್ತಾರೆ. "ಒಂದು ಮಧ್ಯಾಹ್ನ ನೀರು ಕೇಳಿದ್ರು. ಚೊಂಬು ನನ್ನ ಕೈಯಲ್ಲೇ ಇತ್ತು. ಕೊಡಲಿಲ್ಲ. ಬಾಗಿಲಲ್ಲಿ ನಿಂತು ನೋಡ್ತಾ ಇದ್ದೆ. ಸಾಕು, ಹೋಗಿಬಿಡ್ಲಿ ಅನ್ನಿಸ್ತು. ಅಷ್ಟರಲ್ಲಿ ಒಲೆ ಮೇಲೆ ಹಾಲು ಉಕ್ಕಿತು. ಓಡಿದೆ. ಗ್ಯಾಸ್ ಆರಿಸಿ, ಒರೆಸಿ, ತಿರುಗಿ ಬರೋ ಹೊತ್ತಿಗೆ ಆ ಯೋಚನೆ ನನ್ನನ್ನ ಬಿಟ್ಟು ಹೋಗಿತ್ತು. ನೀರು ಕುಡಿಸ್ದೆ. ನೀನು ನನ್ನ ಮಗಳು ಅಂದ್ರು."

ಪುಸ್ತಕದ ಮೇಲೆ ಕೈಯಾಡಿಸಿದಳು.

"ಅವನ ಮನೇಲಿ ಹಾಲು ಉಕ್ಕಲಿಲ್ಲ ಕಣ್ಣು, ಅಷ್ಟೇ. ಸೆರಿ, ಇದ್ದ ಹಾಗೆ ಓದು."

ತಪ್ಪು ಹುಡುಕಿಯೇ ಹೊಟ್ಟೆ ಹೊರೆಯುವವನು ನಾನು. ಆದರೂ ಅತ್ತೆಯ ಮೇಲೆ ಅಷ್ಟು ಪ್ರೀತಿ ನನಗೆ ಎಂದೂ ಉಕ್ಕಿರಲಿಲ್ಲ. ಅವಳ ಕೈ ಹಿಡಿದುಕೊಂಡು ಇದ್ದ ಹಾಗೆಯೇ ಓದಿದೆ. ತಮ್ಮ ಕೊಡಲಿಲ್ಲ, ಅಣ್ಣ ಸತ್ತ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮುಂದಿನ ವಾರ ಮೊದಲಿಂದ ಓದು," ಎಂದಳು. "ಕಾಫಿಗಿಟ್ಟ ಹಾಲನ್ನ ಉಕ್ಕೋವರೆಗೂ ಬಿಡ್ತೀನಿ."