ಕವಲುತೋಕೆಗೆ ಕೆಸರು ಕಲಸಿದ ಕಥೆ

ಗಂಡಸಾದವನು ತನ್ನ ಸ್ವಂತ ಕುದುರೆಯ ಸ್ವಂತ ಲಾಯಕ್ಕೆ ಸ್ವಂತ ಕೈಯಾರೆ ಸುಣ್ಣ ಬಳಿದರೆ ಯಾವ ಕಾನೂನಿನಲ್ಲಿ ಅಪರಾಧ, ನೀವೇ ಹೇಳಿ. ನಮ್ಮ ಹಾಲಿಸ್ಕೊ ಸೀಮೆಯ ಯಾವ ನ್ಯಾಯಾಧೀಶನೂ ಅದಕ್ಕೆ ನನ್ನನ್ನು ಕಟಕಟೆ ಹತ್ತಿಸಲಾರ. ಆದರೆ ನನ್ನ ಹೆಂಡತಿ ಕಸಿಲ್ಡಾಳ ನ್ಯಾಯಾಲಯವೇ ಬೇರೆ. ಅಲ್ಲಿ ವಕೀಲರಿಲ್ಲ, ವಾಯಿದೆಯಿಲ್ಲ, ಮೇಲ್ಮನವಿಯಂತೂ ಇಲ್ಲವೇ ಇಲ್ಲ. (ಇದ್ದಿದ್ದರೂ ಅದು ನಮ್ಮ ಅತ್ತೆಯ ಮುಂದೆ ಹೋಗುತ್ತಿತ್ತು. ಅದಕ್ಕಿಂತ ಶಿಕ್ಷೆಯೇ ವಾಸಿ.)

ನಾನು ಚಾರ್ರೊ. ಎಂದರೆ ತಟ್ಟೆಯಗಲದ ಕಸೂತಿ ಟೋಪಿ, ಬೆಳ್ಳಿ ಗುಂಡಿಯ ಕರಿ ಪೋಷಾಕು ತೊಟ್ಟು ಕುದುರೆ ಏರಿ, ಹಗ್ಗ ಬೀಸಿ ಊರಿಗೆಲ್ಲ ಗತ್ತು ತೋರಿಸುವ ಜಾತಿಯವನು. ಸಂತ ಹೊಸೆಯ ಹಬ್ಬದ ದಿನ ನಮ್ಮ ಸಂಘದವರೆಲ್ಲ ಮೆರವಣಿಗೆ ಹೊರಡುವ ಮುಂಚೆ ಒಬ್ಬ ಸದಸ್ಯನ ಲಾಯದಲ್ಲಿ ಬೆಳಗಿನ ಊಟ ಮಾಡುವ ಪದ್ಧತಿ. ಹೋದ ವರ್ಷ ಆ ಗೌರವ ನನ್ನ ಪಾಲಿಗೆ ಬಂದಿತ್ತು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಸಂಘದ ಅಧ್ಯಕ್ಷ ದೋನ್ ಫೌಸ್ತಿನೊ ಭಾಷಣಕ್ಕೆಂದು ಎದ್ದು ನಿಂತು 'ನಮ್ಮ ಪರಂಪರೆ' ಎಂದು ಬಾಯಿ ತೆರೆದ ಹೊತ್ತಿಗೆ, ಮೇಲಿನ ತೊಲೆಯಿಂದ ಒಂದು ಕವಲುತೋಕೆ ಹಕ್ಕಿ ಅವರ ಬೆಳ್ಳಿ ಜರಿಯ ಟೋಪಿಯ ಮೇಲೆ ತನ್ನ ಅಭಿಪ್ರಾಯವನ್ನು ಬಿಟ್ಟಿತು. ಅಂದಿನಿಂದ ಅವರು ನನ್ನ ಲಾಯವನ್ನು 'ಅನ್ಸೆಲ್ಮೊನ ಹಕ್ಕಿ ಪಾಯಿಖಾನೆ' ಎಂದೇ ಕರೆಯುತ್ತಿದ್ದರು.

ಈ ವರ್ಷವೂ ಊಟ ನಿಮ್ಮಲ್ಲೇ ಎಂದು ಸಂಘ ತೀರ್ಮಾನಿಸಿದಾಗ, ಮಾನ ಉಳಿಸಿಕೊಳ್ಳಲು ಇದೇ ಸಮಯ ಎಂದುಕೊಂಡೆ. ಹಕ್ಕಿಗಳು ಚಳಿಗಾಲಕ್ಕೆ ದಕ್ಷಿಣಕ್ಕೆ ಹೋಗಿದ್ದವು. ಮಾರ್ಚ್‌ನಲ್ಲಿ ಹಬ್ಬದ ಹೊತ್ತಿಗೆ ಅವು ಮರಳುವ ಮುಂಚೆ ಕೆಲಸ ಮುಗಿಸಬೇಕು. ಕಸಿಲ್ಡಾ ಸಂತೆಗೆ ಹೋದ ದಿನ ಏಣಿ ಹಾಕಿ, ತೊಲೆಯ ಮೇಲಿದ್ದ ಮಣ್ಣಿನ ಗೂಡನ್ನು ಕೆರೆದು ಬೀಳಿಸಿ, ಗೋಡೆ, ತೊಲೆ, ಕಂಬ ಎಲ್ಲಕ್ಕೂ ಸುಣ್ಣ ಬಳಿದೆ. ಲಾಯ ಫಳಫಳ ಹೊಳೆಯಿತು. ನಮ್ಮ ಕುದುರೆ ಮೋರಾ ಒಳಗೆ ಬಂದವಳು ಬೇರೆಯವರ ಮನೆಗೆ ನುಗ್ಗಿದೆನೋ ಎಂಬಂತೆ ಹಿಂದೆ ಸರಿದಳು.

ಕಸಿಲ್ಡಾ ಸಂತೆಯಿಂದ ಬಂದು ಬುಟ್ಟಿ ಇಳಿಸದೆಯೇ ಲಾಯದ ಬಾಗಿಲಲ್ಲಿ ನಿಂತಳು.

"ರೀ, ಗೂಡೆಲ್ಲಿ?"

"ಯಾವ ಗೂಡು?"

"ಈ ಲಾಯದಲ್ಲಿ ಎಷ್ಟು ಗೂಡಿತ್ತು? ಮೋರಾ ತಲೆ ಮೇಲಿತ್ತಲ್ಲ, ಅದು."

"ಓ ಅದಾ! ತುಂಬ ಹಳೇದಾಗಿತ್ತು ಕಣೇ. ಕೆರೆದು ಹಾಕಿದೆ."

"ನೀವೂ ಹಳೇದಾಗಿದ್ದೀರಿ. ನಾನು ಕೆರೆದು ಹಾಕಿದ್ನಾ?"

ಇಷ್ಟಕ್ಕೆಲ್ಲ ಚಾರ್ರೊ ಸುಮ್ಮನಾಗುತ್ತಾನೆಯೇ? "ಒಂದು ಹಿಡಿ ಮಣ್ಣಿಗೆ ಇಷ್ಟೊಂದು ರಂಪವೇನೇ? ಬೇಕಾದರೆ ಅವು ಹೊಸದು ಕಟ್ಕೊಳ್ತವೆ" ಎಂದೆ.

"ಯಾವುದರಲ್ಲಿ ಕಟ್ಕೊಳ್ತವೆ? ಜೂನ್ ಬರೋವರೆಗೂ ಈ ಊರಲ್ಲಿ ಒಂದು ಹನಿ ಮಳೆ ಬೀಳಲ್ಲ. ಒಂದು ಚಮಚ ಕೆಸರು ಸಿಗಲ್ಲ. ನಿಮ್ಮ ತಲೆ ಒಡೆದು ತಗೊಳ್ಬೇಕಷ್ಟೇ, ಅಲ್ಲಂತೂ ಬೇಕಾದಷ್ಟಿದೆ." ಆಮೇಲೆ ಅವಳ ದನಿ ಇಳಿಯಿತು. ಅವಳ ದನಿ ಏರಿದರೆ ನನಗೆ ಭಯವಿಲ್ಲ, ಇಳಿದರೆ ಭಯ. "ನಾನು ಮದುವೆಯಾಗಿ ಬಂದಾಗ ಈ ಮನೇಲಿ ನನ್ನ ಜೊತೆ ಮಾತಾಡೋರು ಯಾರಿದ್ರು ಹೇಳಿ? ನೀವು ಬೆಳಗಿಂದ ಸಂಜೆವರೆಗೂ ಕುದುರೆ ಜೊತೆ ಮಾತಾಡ್ತಿದ್ರಿ. ಆ ವಸಂತದಲ್ಲಿ ಅವೆರಡು ಬಂದ್ವು. ಇಡೀ ದಿನ ಚಿಲಿಪಿಲಿ ಅಂತ ಜಗಳಾಡ್ತಾ, ಒಟ್ಟಿಗೆ ಕೂತು ಗೂಡು ಕಟ್ತಾ ಇದ್ವು. ಅದನ್ನ ನೋಡಿ, ಪರವಾಗಿಲ್ಲ, ಇಲ್ಲೂ ಒಂದು ಸಂಸಾರ ಆಗುತ್ತೆ ಅಂತ ನಾನು ಉಳ್ಕೊಂಡೆ."

ಅಷ್ಟು ಹೇಳಿ ಒಳಗೆ ಹೋದವಳು ಬಟ್ಟೆಯ ಗಂಟು ಒಂದು ಕೈಯಲ್ಲಿ, ತೊರ್ತಿಯಾ ರೊಟ್ಟಿ ಬೇಯಿಸುವ ಹೆಂಚು ಇನ್ನೊಂದು ಕೈಯಲ್ಲಿ ಹಿಡಿದು ಹೊರಬಂದಳು. "ಅಮ್ಮನ ಮನೇಲಿರ್ತೀನಿ. ಅವು ಬಂದ ದಿನ ನಾನೂ ಬರ್ತೀನಿ" ಎಂದು ಬೀದಿ ದಾಟಿದಳು. (ನಮ್ಮ ಅತ್ತೆ ದೋನ್ಯಾ ತೆಯೋಫಿಲಾ ಅವರ ಮನೆ ಬೀದಿಯ ಆಚೆ ಬದಿಗೇ ಇದೆ. ಹೆಣ್ಣು ಕೇಳಲು ಹೋದಾಗ ಹತ್ತಿರವಾಯಿತಲ್ಲ ಎಂದು ಸಂತೋಷಪಟ್ಟಿದ್ದ ಮೂರ್ಖ ನಾನೇ.)

ಹಬ್ಬದ ಊಟದ ವಿಷಯ ಹೆಚ್ಚು ಹೇಳಲಾರೆ. ಕಸಿಲ್ಡಾಳಿಲ್ಲದ ಮೇಲೆ ಅಡುಗೆಯನ್ನು ನಾನೇ ಮಾಡಿದ್ದೆ, ಅಷ್ಟರಲ್ಲೇ ತಿಳಿದುಕೊಳ್ಳಿ. ಆದರೂ ದೋನ್ ಫೌಸ್ತಿನೊ ನಿಶ್ಚಿಂತೆಯಿಂದ ಗೋಡೆಗೆ ಒರಗಿ ಕೂತು, "ಈಗ ನೋಡಪ್ಪ ಅನ್ಸೆಲ್ಮೊ, ಇದು ಲಾಯ ಅಂದ್ರೆ!" ಎಂದು ಹೊಗಳಿದರು. ಅವರನ್ನು ನೋಡಿ ಎಲ್ಲರೂ ಒರಗಿದರು. ನಾನು ಸುಣ್ಣಕ್ಕೆ ಅಂಟು ಹಾಕುವುದನ್ನು ಮರೆತಿದ್ದೆ. ಇಡೀ ಸಂಘ ಮುಂದಿನಿಂದ ಕರಿ, ಹಿಂದಿನಿಂದ ಬಿಳಿಯಾಗಿ ಮೆರವಣಿಗೆ ಹೊರಟಿತು. ನಾವು ಎದುರಿಗೆ ಬರುವಾಗ ಗಂಭೀರವಾಗಿ ಟೋಪಿ ತೆಗೆದು ವಂದಿಸಿದ ಜನ, ದಾಟಿಹೋದ ಮೇಲೆ ಬೆನ್ನು ನೋಡಿ ಬಿದ್ದು ಬಿದ್ದು ನಕ್ಕರು. ಈಗ ಸಂಘದವರೂ ನನ್ನ ಜೊತೆ ಮಾತು ಬಿಟ್ಟರು.

ಉಳಿದದ್ದು ನಾನು ಮತ್ತು ಮೋರಾ.

ಮೊದಮೊದಲು ಗತ್ತಿನಲ್ಲೇ ಇದ್ದೆ. ಹಕ್ಕಿಯೇನು, ನಾಳೆ ಬರುತ್ತದೆ, ಹಿಂದೆಯೇ ಇವಳೂ ಹೆಂಚು ಹಿಡಿದು ಬರುತ್ತಾಳೆ ಎಂದುಕೊಂಡೆ. ಆದರೆ ಹಬ್ಬ ಕಳೆಯಿತು, ಬಿಸಿಲು ಬಲಿಯಿತು, ಹಕ್ಕಿಯ ಸುಳಿವಿಲ್ಲ. ಬೆಳಿಗ್ಗೆ ಎದ್ದು ಲಾಯಕ್ಕೆ ಹೋದರೆ ಮೌನ. ಇಷ್ಟು ವರ್ಷ ಆ ಲಾಯದಲ್ಲಿ ಎಷ್ಟು ಸದ್ದಿತ್ತು ಎಂಬುದು ನನಗೆ ಗೊತ್ತೇ ಇರಲಿಲ್ಲ. ಮೇಲೆ ಅವುಗಳ ಜಗಳ, ಕೆಳಗೆ "ರೀ, ಆ ಬಾಗಿಲು ಹಾಕ್ಬೇಡಿ, ಅವು ಒಳಗೆ ಬರ್ಬೇಕು" ಎಂಬ ಇವಳ ಕೂಗು. ಈಗ ಬಾಗಿಲು ಹಗಲಿಡೀ ತೆರೆದೇ ಇತ್ತು, ತೆರೆದಿಡಿ ಎನ್ನುವವರು ಇರಲಿಲ್ಲ. ಮೋರಾ ಆಗಾಗ ತಲೆಯೆತ್ತಿ ಬಿಳೀ ತೊಲೆಯನ್ನು ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದಳು. ಕುದುರೆಗೆ ಮುಖ ತೋರಿಸಲು ನಾಚಿಕೆಪಟ್ಟ ಚಾರ್ರೊ ನಾನೊಬ್ಬನೇ ಇರಬೇಕು. ನನಗೆ ಕಸಿಲ್ಡಾ ಬೇಕಾಗಿದ್ದಳು. ಅದನ್ನು ಬಾಯಿಬಿಟ್ಟು ಹೇಳಲಾರದೆ ಆಕಾಶ ನೋಡುತ್ತಿದ್ದೆ.

ಮಾಡಿನ ಮೇಲೆ ಹತ್ತಿ ಕೂರುವುದು ನನ್ನ ದಿನಚರಿಯಾಯಿತು. ದಾರಿಯಲ್ಲಿ ಹೋಗುವವರು, "ಏನ್ ಅನ್ಸೆಲ್ಮೊ, ಮಳೆ ಬರುತ್ತಾ?" ಎಂದು ಕೇಳುವರು. ಒಂದು ಸಂಜೆ ಕತ್ತರಿಯಂಥ ರೆಕ್ಕೆಯೊಂದು ಸುಂಯ್ಯನೆ ಲಾಯದೊಳಗೆ ನುಗ್ಗಿತು. ಏಣಿಯನ್ನೂ ಬಳಸದೆ ಧುಮುಕಿ, ಬೀದಿ ದಾಟಿ, ಅತ್ತೆ ಮನೆಯ ಬಾಗಿಲು ಬಡಿದೆ.

"ಬಂತು! ಕಸಿಲ್ಡಾ, ಬಂತು ಕಣೇ!"

ಕಸಿಲ್ಡಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಹಿಂದೆ ಅತ್ತೆ. ಮೂವರೂ ಲಾಯದಲ್ಲಿ ತಲೆಯೆತ್ತಿದೆವು. ತೊಲೆಯಿಂದ ಒಂದು ಬಾವಲಿ ತಲೆಕೆಳಗಾಗಿ ನೇತಾಡುತ್ತ ನಮ್ಮನ್ನು ನೋಡುತ್ತಿತ್ತು.

"ಅಳಿಯಂದಿರೇ," ಎಂದರು ಅತ್ತೆ, ಬಹಳ ಮರ್ಯಾದೆಯಿಂದ. "ನನ್ನ ಮಗಳನ್ನ ನೋಡೋಕೆ ಬಂದಾಗಲೂ ನಿಮ್ಮ ಕಣ್ಣು ಹೀಗೇ ಇತ್ತಾ? ಏನೋ ನಮ್ಮ ಪುಣ್ಯ, ಪಕ್ಕದ ಮನೆ ಅಜ್ಜೀನ ಕೇಳ್ಲಿಲ್ಲ."

ಕಸಿಲ್ಡಾ ನಗಲಿಲ್ಲ. ಬರಿದಾದ ತೊಲೆಯನ್ನು ಇನ್ನೊಮ್ಮೆ ನೋಡಿ, ಕೈಗಂಟಿದ ಹಿಟ್ಟನ್ನು ಉಜ್ಜಿಕೊಳ್ಳುತ್ತ ಹೊರಟುಹೋದಳು. ಅವಳು ಬೈದಿದ್ದರೆ ಆ ರಾತ್ರಿ ನನಗೆ ನಿದ್ದೆ ಬರುತ್ತಿತ್ತು.

ಮರುದಿನವೇ ಕೆಸರಿನ ಯೋಜನೆಗೆ ಕೈಹಾಕಿದೆ. ಅವಳೇ ಹೇಳಿದ್ದಳಲ್ಲ, ಒಂದು ಚಮಚ ಕೆಸರಿಲ್ಲ ಎಂದು. ಟ್ಯಾಂಕರ್ ನೀರು ತರಿಸಿ, ಅಂಗಳದಲ್ಲಿ ಗುಂಡಿ ತೋಡಿ, ಕೆಮ್ಮಣ್ಣು ಸುರಿದು, ಪ್ಯಾಂಟು ಮಡಚಿ ಇಳಿದು ತುಳಿದೆ. ಹೊಟ್ಟು ಬೆರೆಸಿದೆ. ಗೂಡಿನೊಳಗೆ ಕುದುರೆಯ ಕೂದಲಿರುತ್ತಿದ್ದುದು ನೆನಪಾಗಿ ಮೋರಾಳ ಬಾಲ ಬಾಚಿ, ಉದುರಿದ್ದನ್ನು ದಂಡೆಯ ಮೇಲೆ ಹರಡಿದೆ. ಕೆಸರು ಬಿಸಿಲಿಗೆ ಮಧ್ಯಾಹ್ನದೊಳಗೆ ಒಣಗುತ್ತಿತ್ತು, ಮತ್ತೆ ತುಳಿಯುತ್ತಿದ್ದೆ. ಸ್ನಾನಕ್ಕೆ ನೀರಿರಲಿಲ್ಲ, ಇದ್ದದ್ದೆಲ್ಲ ಗುಂಡಿಗೆ. ಒಗೆಯುವವರಿಲ್ಲದ ಬಟ್ಟೆ ತಾನಾಗಿಯೇ ನಿಲ್ಲುವ ಸ್ಥಿತಿಗೆ ಬಂತು. ಅತ್ತೆ ದಿನಾ ಬಾಗಿಲಲ್ಲಿ ನಿಂತು, "ಅಳಿಯಂದಿರು ಇಟ್ಟಿಗೆ ವ್ಯಾಪಾರ ಶುರು ಮಾಡಿದ್ರಾ?" ಎಂದು ವಿಚಾರಿಸುತ್ತಿದ್ದರು. ಹಿಂದೆ ಕಸಿಲ್ಡಾ ಕಾಣುತ್ತಿದ್ದಳು. ನಾನು ತುಳಿದು ಮುಗಿಸುವವರೆಗೂ ಒಳಗೆ ಹೋಗುತ್ತಿರಲಿಲ್ಲ. ನಿಜ ಹೇಳುತ್ತೇನೆ, ಆಮೇಲಾಮೇಲೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ತುಳಿಯುತ್ತಿದ್ದೆ.

ಒಂದು ಬೆಳಿಗ್ಗೆ ಕೆಸರಿನಲ್ಲಿ ಮೊಣಕಾಲವರೆಗೆ ನಿಂತಿದ್ದಾಗ ತಲೆಯ ಮೇಲೆ 'ವಿಟ್, ವಿಟ್' ಎಂದಿತು. ನೀಲಿ ಬೆನ್ನು, ಇಟ್ಟಿಗೆ ಬಣ್ಣದ ಗಂಟಲು, ಸೀಳು ಬಾಲ. ಒಂದಲ್ಲ, ಎರಡು! ಬಂದು ನನ್ನ ಗುಂಡಿಯ ದಂಡೆಯಲ್ಲೇ ಇಳಿದವು. ನಾನು ಅಲುಗಾಡಲಿಲ್ಲ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಕೆಸರು. ಅವು ಕೊಕ್ಕಿನ ತುಂಬ ಕೆಸರು ತುಂಬಿಕೊಂಡು, ದಂಡೆಯ ಮೇಲಿನ ಒಂದೆರಡು ಕೂದಲನ್ನೂ ಎತ್ತಿಕೊಂಡು, ಪುರ್ರನೆ ಹಾರಿ ಬೀದಿ ದಾಟಿ ಅತ್ತೆಯ ಮನೆಯೊಳಗೆ ಹೋದವು.

ಪಾಪ, ದೂರದ ಪ್ರಯಾಣ, ದಾರಿ ತಪ್ಪಿರಬೇಕು ಎಂದುಕೊಂಡೆ. ಮತ್ತೆ ಬಂದವು, ತುಂಬಿಕೊಂಡವು, ಮತ್ತೆ ಅಲ್ಲಿಗೇ ಹೋದವು. ನಾನೂ ಹಿಂದೆಯೇ ಓಡಿದೆ.

ಅತ್ತೆಯ ಮೊಗಸಾಲೆಯ ತೊಲೆಗೆ ನನ್ನ ಕೆಸರು ಆಗಲೇ ಸಾಲಾಗಿ ಅಂಟಿತ್ತು. ಕೆಳಗೆ ಕಸಿಲ್ಡಾ ತಲೆಯೆತ್ತಿ ನಿಂತಿದ್ದಳು. ಆ ಮುಖವನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

"ಬಂದ್ವಲ್ಲ! ನಡಿ ಮನೆಗೆ" ಎಂದೆ.

"ಅವು ಎಲ್ಲಿಗೆ ಬಂದ್ವು, ನೋಡಿದ್ರಾ?"

"ಕೆಸರು ನಂದು ಕಣೇ!"

"ಕೆಸರು ನಿಮ್ದೇ. ಯಾರು ಇಲ್ಲ ಅಂದ್ರು? ಸ್ವಲ್ಪ ತೆಳ್ಳಗಾಗಿದೆ, ನಾಳೆ ಗಟ್ಟಿಯಾಗಿ ಕಲಸಿ."

ಕಲಸಿದೆ. ಇನ್ನೇನು ಮಾಡಲಿ? ದಿನವೂ ಹದ ನೋಡಿ ಕಲಸಿದೆ. ನನ್ನ ಕೆಸರಿನಿಂದ ನನ್ನ ಅತ್ತೆಯ ಮನೆಯಲ್ಲಿ ಗೂಡು ಮೇಲೇಳುವುದನ್ನು ಬೀದಿಯ ಈಚೆ ನಿಂತು ನೋಡಿದೆ.

ಗೂಡು ಪೂರ್ತಿಯಾದ ಮೇಲೆ ಒಂದು ಮಧ್ಯಾಹ್ನ ಕಸಿಲ್ಡಾ ಬೀದಿ ದಾಟಿ ನಮ್ಮ ಮನೆಯ ಕಡೆಗೇ ಬರುವುದು ಕಂಡಿತು! ಓಡಿಹೋಗಿ ಮೀಸೆಗೆ ನೀರು ಸವರಿ, ಹಬ್ಬದ ಟೋಪಿ ಇಟ್ಟುಕೊಂಡು, ಬಾಗಿಲಲ್ಲಿ ಮೈಸೆಟೆದು ನಿಂತೆ. ಅವಳ ಕ್ಷಮಾಪಣೆಯನ್ನು ದೊಡ್ಡ ಮನಸ್ಸಿನಿಂದ ಸ್ವೀಕರಿಸಬೇಕೆಂದು ನಿರ್ಧರಿಸಿದ್ದೆ.

"ಕಸಿಲ್ಡಾ, ಆದದ್ದೆಲ್ಲ ಮರೆತುಬಿಡೋಣ" ಎಂದೆ.

"ಮರೆಯೋಣ. ಮೋರಾ ಎಲ್ಲಿ? ಕರ್ಕೊಂಡು ಹೋಗೋಕೆ ಬಂದೆ."

"ಮೋರಾನಾ?"

"ಅಮ್ಮನ ಮನೆ ಎಷ್ಟು ಚೊಕ್ಕಟ ಅಂತ ನಿಮಗೆ ಗೊತ್ತಲ್ಲ, ಒಂದು ನೊಣ ಇಲ್ಲ. ಪಾಪ, ಅವು ತಿನ್ನೋಕೆ ಹುಡುಕ್ತಾ ಎಲ್ಲೆಲ್ಲೋ ಹೋಗ್ತಿವೆ. ಮರಿಯಾದ ಮೇಲೆ ಏನು ಗತಿ? ಮೋರಾ ಹಿತ್ತಲಲ್ಲಿ ನಿಂತ್ರೆ ನೊಣ ಬರುತ್ತೆ. ಅಮ್ಮನೇ ಹೇಳಿಕಳಿಸಿದ್ದು."

ಲದ್ದಿ ಕಂಡರೆ ಮೂಗು ಮುಚ್ಚುವ ನಮ್ಮ ಅತ್ತೆ ಕುದುರೆಗೆ ಆಮಂತ್ರಣ ಕಳಿಸಿದ್ದರು. ಅಳಿಯನಿಗೆ ಇಲ್ಲ. ಮೋರಾ ಒಂದು ಮಾತೂ ಆಡದೆ ಕಸಿಲ್ಡಾಳ ಹಿಂದೆ ನಡೆದಳು. ತಿರುಗಿ ಕೂಡ ನೋಡಲಿಲ್ಲ. ಹೆಂಡತಿ, ಹಕ್ಕಿ, ಈಗ ಕುದುರೆಯೂ. ಸುಣ್ಣದ ಗೋಡೆಗಳ ನಡುವೆ ನಾನೊಬ್ಬನೇ ನಿಲ್ಲುವುದು ಸಾಧ್ಯವಾಗಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಸಲಿಕೆ ಹಿಡಿದು ಅವರ ಹಿಂದೆ ನಡೆದೆ.

ಮೋರಾ ಒಳಗೆ ಹೋದಳು. ನನಗೆ ಅತ್ತೆ ಕೈ ಅಡ್ಡ ಹಿಡಿದರು.

"ತಾವ್ಯಾಕೆ ದಯಮಾಡಿಸಿದ್ರಿ?"

"ಲದ್ದಿ ಎತ್ತೋಕೆ ಯಾರಾದ್ರೂ ಬೇಕಲ್ಲ, ಅತ್ತೆ."

"ಅದನ್ನ ಎತ್ತಿಬಿಟ್ರೆ ನೊಣ ಎಲ್ಲಿಂದ ಬರುತ್ತೆ? ಅದು ಇರ್ಲಿ. ತಾವು ಹೋಗಿಬನ್ನಿ."

ಲದ್ದಿಗಿರುವ ಬೆಲೆಯೂ ನನಗಿಲ್ಲದ ಆ ಗಳಿಗೆಯಲ್ಲಿ ಸಲಿಕೆ ಕೆಳಗಿಟ್ಟೆ. "ಕಸಿಲ್ಡಾ," ಎಂದೆ, "ನೀನಿಲ್ಲದೆ ಆಗ್ತಿಲ್ಲ ಕಣೇ." ಇಷ್ಟು ವರ್ಷದಲ್ಲಿ ಆ ಮಾತನ್ನು ಅವಳಿಗೆ ನಾನು ಹೇಳಿದ್ದು ಅದೇ ಮೊದಲು. ಮೋರಾಗೆ ಹೇಳಿದ್ದೆ.

ಕಸಿಲ್ಡಾ ಹತ್ತಿರ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಣಗಿ ಬಿರಿದ ಪ್ಯಾಂಟು, ಬೆವರಿನ ಅಂಗಿ, ಕಿವಿಯ ಸಂದಿಯ ಕೆಸರು, ಎಲ್ಲವನ್ನೂ ನೋಡಿದಳು. ತುಟಿ ಕಚ್ಚಿ ನಗು ತಡೆದಳು. ಆಮೇಲೆ ತಾಯಿಯ ಕೈಯನ್ನು ಮೆಲ್ಲಗೆ ಸರಿಸಿದಳು.

"ಒಳಗೆ ಬರ್ಲಿ ಬಿಡಮ್ಮ," ಎಂದಳು. "ಮೋರಾಗಿಂತ ಇವರಿಗೇ ಜಾಸ್ತಿ ನೊಣ ಮುತ್ತಿವೆ."